ಕಮ್ಯೂನಿಟಿ ಕಾಲೇಜಿನ ಮೊದಲ ಸೆಮಿಸ್ಟರ್: ಯಾವ ದಾರಿ, ಎಷ್ಟು ಯೂನಿಟ್, ಯಾರ ಸಲಹೆ?

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಎಂಜಿನಿಯರಿಂಗಿಗೆ ಸೇರುವ ವಿದ್ಯಾರ್ಥಿಗೆ ಆತಂಕವೆಲ್ಲ ಪ್ರವೇಶ ಸಿಗುವವರೆಗೆ. ಸಿಇಟಿ ರ‍್ಯಾಂಕು, ಆಪ್ಷನ್ ಎಂಟ್ರಿ, ಸೀಟು ಹಂಚಿಕೆ ಮುಗಿದು ಕಾಲೇಜಿನ ಗೇಟು ದಾಟಿದ ಮೇಲೆ ಯಾವ ವಿಷಯ, ಯಾವ ಗಂಟೆ, ಯಾವ ಕೊಠಡಿ ಎಂಬುದನ್ನು ಕಾಲೇಜೇ ಸೂಚನಾ ಫಲಕದ ಮೇಲೆ ಅಂಟಿಸುತ್ತದೆ. ಎರಡು ವರ್ಷ ಓದಿ, ಪದವಿ ಮುಗಿಸಲು ಯೂನಿವರ್ಸಿಟಿಗೆ ಹೋಗುವ (ಇದನ್ನೇ ಟ್ರಾನ್ಸ್‌ಫರ್ ಎನ್ನುತ್ತಾರೆ) ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ ಇದು ತಿರುವುಮುರುವು. ಅಲ್ಲಿ ಹೈಸ್ಕೂಲು ಮುಗಿಸಿದವರಿಗೂ 18 ವರ್ಷ ತುಂಬಿದವರಿಗೂ ಬಾಗಿಲು ತೆರೆದೇ ಇರುತ್ತದೆ, ಪ್ರವೇಶಕ್ಕೆ ಪೈಪೋಟಿಯಿಲ್ಲ. ಆದರೆ ಒಳಗೆ ಹೋದವರಿಗೆ ಯಾರೂ ವೇಳಾಪಟ್ಟಿಯನ್ನು ಕೈಗಿಡುವುದಿಲ್ಲ. ನೂರಾರು ತರಗತಿಗಳ ಪಟ್ಟಿಯಿಂದ ತನಗೆ ಬೇಕಾದ ನಾಲ್ಕನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು, ಮತ್ತು ಆ ನಾಲ್ಕರಲ್ಲಿ ಒಂದು ತಪ್ಪಿದರೂ ಒಂದು ವರ್ಷ ಕೈತಪ್ಪಬಹುದು.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ಮಗಳು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಒಂದು ಕಾಲೇಜಿಗೆ ಸೇರಿದಾಗ ಆನ್‌ಲೈನ್ ಓರಿಯೆಂಟೇಶನ್ ಮುಗಿಸುವುದನ್ನು ನಾವು ಮುಂದೂಡಿದೆವು. ಅದರಿಂದ ಅವಳ ರಿಜಿಸ್ಟ್ರೇಶನ್ ದಿನ ಹಿಂದೆ ಬಿತ್ತು, ಅಷ್ಟರಲ್ಲಿ ಕ್ಯಾಲ್ಕ್ಯುಲಸ್ ತರಗತಿಗಳೆಲ್ಲ ತುಂಬಿ ವೇಯ್ಟ್‌ಲಿಸ್ಟೂ ಮುಗಿದಿತ್ತು. ‘ಯಾವ ಗಣಿತವಾದರೇನು, ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ) ಟ್ರಾನ್ಸ್‌ಫರ್ ಆಗುತ್ತದಲ್ಲ’ ಎಂದು ಪರಿಚಯದವರೊಬ್ಬರು ಧೈರ್ಯ ಹೇಳಿದರು, ಅವಳು ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಳು. ಯೂನಿಟ್‌ಗಳು, ಅಂದರೆ ತರಗತಿ ಮುಗಿಸಿದ್ದಕ್ಕೆ ಸಿಗುವ ಕ್ರೆಡಿಟ್‌ಗಳು, ಟ್ರಾನ್ಸ್‌ಫರ್ ಆದದ್ದು ನಿಜ. ಆದರೆ ಅವಳಿಗೆ ಬೇಕಾಗಿದ್ದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆ ವಿಷಯವನ್ನು ಕೇಳಿರಲೇ ಇಲ್ಲ. ಭೌತಶಾಸ್ತ್ರದ ಮೂರು ಸೆಮಿಸ್ಟರುಗಳ ಸರಣಿಗೆ ಮೊದಲ ಕ್ಯಾಲ್ಕ್ಯುಲಸ್ ಮುಗಿದಿರಬೇಕು. ಅದನ್ನು ಮೊದಲ ಫಾಲ್‌ನಲ್ಲಿ (ಆಗಸ್ಟ್‌ನ ಸೆಮಿಸ್ಟರಿನಲ್ಲಿ) ಮುಗಿಸಿದವರಿಗೆ ಭೌತಶಾಸ್ತ್ರ ಮೊದಲ ಸ್ಪ್ರಿಂಗ್ (ಅದರ ಮುಂದಿನ ಸೆಮಿಸ್ಟರ್), ಎರಡನೆಯ ಫಾಲ್, ಎರಡನೆಯ ಸ್ಪ್ರಿಂಗ್ ಎಂದು ಎರಡು ವರ್ಷದೊಳಗೆ ಸರಿಯಾಗಿ ಕೂರುತ್ತದೆ. ಒಂದು ಸೆಮಿಸ್ಟರ್ ತಡವಾದರೆ ಕೊನೆಯ ಕೊಂಡಿ ಹೊರಗೆ ಉಳಿಯುತ್ತದೆ. ಅವಳ ಎರಡು ವರ್ಷದ ಓದು ಮೂರು ವರ್ಷವಾಯಿತು. ಕಾಲೇಜು ಬೇಕಾದದ್ದನ್ನೆಲ್ಲ ತಿಳಿಸಿತ್ತು, ಯಾವುದನ್ನು ಮೊದಲು ನಿರ್ಧರಿಸಬೇಕೆಂದು ತಿಳಿಯದೆ ಇದ್ದದ್ದು ನಾವು.

ಆದ್ದರಿಂದ ಈ ಬರಹದ ಹೋಲಿಕೆಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ: ಮೊದಲು ಎಲ್ಲಿಗೆ ಹೋಗಬೇಕೆಂಬುದು, ಆಮೇಲೆ ಯಾವ ಕಾಲೇಜು, ಎಷ್ಟು ಯೂನಿಟ್, ಯಾರ ಸಲಹೆ ಎಂಬುದು. ಇಲ್ಲಿ ಹೇಳುವುದೆಲ್ಲ ಕ್ಯಾಲಿಫೋರ್ನಿಯಾಕ್ಕೆ ಸಂಬಂಧಿಸಿದ್ದು. ಅಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ, ಮತ್ತು ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ರಮೋನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಒಂದಲ್ಲ ಒಂದು ಹತ್ತಿರದಲ್ಲೇ ಇದೆ. ಬೇರೆ ರಾಜ್ಯಗಳ ಫೀಸು, ಒಪ್ಪಂದ, ದಿನಾಂಕಗಳು ಬೇರೆ.

ಟ್ರಾನ್ಸ್‌ಫರ್‌ನ ಮೂರು ದಾರಿಗಳು

ಪದವಿಗಾಗಿ ಓದುವ ವಿದ್ಯಾರ್ಥಿಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಎಡಿಟಿ, ಅಂದರೆ ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ ಎರಡು ವರ್ಷದ ಅಸೋಸಿಯೇಟ್ ಪದವಿ. 2010ರ ಎಸ್‌ಬಿ 1440 ಕಾಯ್ದೆಯಿಂದ ಬಂದ ಈ ಪದವಿ 60 ಸೆಮಿಸ್ಟರ್ ಯೂನಿಟ್‌ಗಳದು. ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು) ವ್ಯವಸ್ಥೆಯಲ್ಲಿ ಸ್ಥಾನದ ಖಾತರಿಯಿದೆ, ಅದೇ ವಿಷಯದಲ್ಲಿ ಮುಂದುವರಿದರೆ ಅಲ್ಲಿ ಇನ್ನು 60 ಯೂನಿಟ್‌ಗಳಲ್ಲಿ ಪದವಿ ಮುಗಿಯುತ್ತದೆ. ಆದರೆ ಖಾತರಿ ಇರುವುದು ಸಿಎಸ್‌ಯು ವ್ಯವಸ್ಥೆಗೆ, ಸ್ಯಾನ್ ಹೊಸೆಯ ಕ್ಯಾಂಪಸ್ಸಿಗೋ ಸ್ಯಾನ್ ಡಿಯೆಗೊದ ಕ್ಯಾಂಪಸ್ಸಿಗೋ ಅಲ್ಲ. ಮನೆಯಿಂದಲೇ ಹೋಗಿಬರುವ ಕನಸಿಟ್ಟುಕೊಂಡವರು ಇದನ್ನು ಗಮನಿಸಬೇಕು.

ಎರಡನೆಯದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಟ್ಯಾಗ್, ಟ್ರಾನ್ಸ್‌ಫರ್ ಪ್ರವೇಶದ ಖಾತರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಸ್ ಎಂಬ ಆರು ಕ್ಯಾಂಪಸ್‌ಗಳು ಮಾತ್ರ ಇದನ್ನು ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಕೊಡುವುದಿಲ್ಲ. ವಿದ್ಯಾರ್ಥಿಯು ಆರರಲ್ಲಿ ಒಂದಕ್ಕೆ ಮಾತ್ರ ಟ್ಯಾಗ್ ಅರ್ಜಿ ಹಾಕಬಹುದು. ಇಲ್ಲಿ ಖಾತರಿ ನಿರ್ದಿಷ್ಟ ಕ್ಯಾಂಪಸ್ಸಿನದು, ಅದು ಎಡಿಟಿಗಿಂತ ಹೆಚ್ಚಿನ ಬೆಲೆಯುಳ್ಳದ್ದು; ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಕಂಪ್ಯೂಟರ್ ಸೈನ್ಸ್ ಮತ್ತು ಎಂಜಿನಿಯರಿಂಗ್ ಮೇಜರ್‌ಗಳನ್ನೇ (ಪದವಿಯ ಮುಖ್ಯ ವಿಷಯಗಳನ್ನೇ) ಹಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ. ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಣ್ಣನಿಗೆ ಸಿಕ್ಕಿತೆಂದು ತಮ್ಮನಿಗೂ ಸಿಗುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಮೂರನೆಯದು ಯಾವ ಖಾತರಿಯೂ ಇಲ್ಲದ ಸಾಮಾನ್ಯ ಟ್ರಾನ್ಸ್‌ಫರ್: ಬೇಕಾದ ಮೇಜರ್ ಕೇಳುವ ಪೂರ್ವಸಿದ್ಧತೆಯ ತರಗತಿಗಳನ್ನೆಲ್ಲ ಒಳ್ಳೆಯ ಗ್ರೇಡಿನಲ್ಲಿ ಮುಗಿಸಿ ಹಲವು ಕ್ಯಾಂಪಸ್‌ಗಳಿಗೆ ಅರ್ಜಿ ಹಾಕುವುದು. ಎಂಜಿನಿಯರಿಂಗ್‌ಗೆ ಹೋಗುವವರಿಗೆ ನನ್ನ ಅಭಿಪ್ರಾಯದಲ್ಲಿ ಇದೇ ಸರಿಯಾದ ದಾರಿ, ಟ್ಯಾಗ್ ಸಿಕ್ಕರೆ ಅದನ್ನು ಜೊತೆಗಿಟ್ಟುಕೊಳ್ಳಬಹುದು. ಕಾರಣ ಹೀಗಿದೆ. 2025ರ ಫಾಲ್‌ನಿಂದ ಹೊಸ ವಿದ್ಯಾರ್ಥಿಗಳಿಗೆ ಯುಸಿ ಮತ್ತು ಸಿಎಸ್‌ಯು ಎರಡಕ್ಕೂ ಸೇರಿ ಕ್ಯಾಲ್-ಜಿಇಟಿಸಿ ಎಂಬ ಒಂದೇ ಸಾಮಾನ್ಯ ಶಿಕ್ಷಣದ (ಮೇಜರ್‌ಗೆ ಹೊರತಾದ ಹಲವು ವಿಷಯಗಳ ತರಗತಿಗಳ) ಚೌಕಟ್ಟಿದೆ, ಅದು 34 ಸೆಮಿಸ್ಟರ್ ಯೂನಿಟ್‌ಗಳದು. ಅರ್ಥಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಓದುವವರು ಅದನ್ನು ಪೂರ್ತಿ ಮುಗಿಸಿಕೊಂಡು ಹೋಗುವುದು ಜಾಣತನ. ಎಂಜಿನಿಯರಿಂಗ್‌ನವರು ಅದನ್ನೇ ಹಿಡಿದು ಕುಳಿತರೆ ಕ್ಯಾಲ್ಕ್ಯುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರೋಗ್ರಾಮಿಂಗ್ ತರಗತಿಗಳಿಗೆ ಜಾಗವೇ ಉಳಿಯುವುದಿಲ್ಲ. ಅವರ ಅರ್ಜಿಯನ್ನು ಓದುವವರು ಮೊದಲು ನೋಡುವುದು ಈ ತರಗತಿಗಳನ್ನೇ.

ಯಾವ ಕಾಲೇಜಿನ ಯಾವ ತರಗತಿಯನ್ನು ಯಾವ ಯೂನಿವರ್ಸಿಟಿ ಯಾವುದಕ್ಕೆ ಸಮವೆಂದು ಒಪ್ಪುತ್ತದೆ ಎಂಬುದಕ್ಕೆ ಅಸಿಸ್ಟ್ ಡಾಟ್ ಆರ್ಗ್ ಎಂಬ ಸಾರ್ವಜನಿಕ ದಾಖಲೆಯಿದೆ. ‘ಯುಸಿಗೆ ಟ್ರಾನ್ಸ್‌ಫರ್ ಆಗುತ್ತದೆ’ ಎಂಬ ಮಾತಿಗೂ ‘ಈ ಮೇಜರ್‌ಗೆ ಲೆಕ್ಕಕ್ಕೆ ಬರುತ್ತದೆ’ ಎಂಬ ಮಾತಿಗೂ ಇರುವ ಅಂತರ ಅಲ್ಲಿ ಕಣ್ಣಿಗೆ ಕಾಣುತ್ತದೆ. ನನ್ನ ಮಗಳು ಸ್ಟ್ಯಾಟಿಸ್ಟಿಕ್ಸ್‌ಗೆ ಹೆಸರು ಕೊಡುವ ಮುನ್ನ ಹತ್ತು ನಿಮಿಷ ಆ ಪುಟದ ಮುಂದೆ ಕುಳಿತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಎರಡು ವರ್ಷವೆಂದರೆ ಹನ್ನೆರಡು ತಿಂಗಳು

ಪೋಷಕರಿಗೆ ತೀರ ತಡವಾಗಿ ಅರಿವಾಗುವ ಸಂಗತಿಯೊಂದಿದೆ. ಓದು ಎರಡು ವರ್ಷದ್ದಾದರೂ ಟ್ಯಾಗ್ ಅರ್ಜಿ ಸಲ್ಲಿಸಬೇಕಾದದ್ದು ಟ್ರಾನ್ಸ್‌ಫರ್ ಆಗುವ ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ 30ರೊಳಗೆ, ಯುಸಿಯ ಸಾಮಾನ್ಯ ಅರ್ಜಿ ಅಕ್ಟೋಬರ್‌ನಿಂದ ಡಿಸೆಂಬರ್‌ನ ಮೊದಲ ದಿನಗಳೊಳಗೆ. ಅಂದರೆ ಆಗಸ್ಟ್‌ನಲ್ಲಿ ಸೇರಿದ ಹುಡುಗ ಮುಂದಿನ ಸೆಪ್ಟೆಂಬರ್‌ನಲ್ಲೇ ಅರ್ಜಿಗೆ ಕೂರುತ್ತಾನೆ, ಆಗ ತೋರಿಸಲು ಅವನ ಕೈಯಲ್ಲಿರುವುದು ಒಂದೇ ವರ್ಷದ ಗ್ರೇಡುಗಳು. ‘ಮೊದಲ ಸೆಮಿಸ್ಟರ್ ಹೊಂದಿಕೊಳ್ಳಲಿ, ಆಮೇಲೆ ಯೋಚಿಸೋಣ’ ಎನ್ನುವುದು ಪ್ರೀತಿಯಿಂದಲೇ ಬರುವ ಮಾತು; ಆದರೆ ಆ ಸೆಮಿಸ್ಟರು ಇಡೀ ದಾಖಲೆಯ ಅರ್ಧದಷ್ಟಾಗುತ್ತದೆ.

ಕ್ವಾರ್ಟರ್ ಕಾಲೇಜೋ ಸೆಮಿಸ್ಟರ್ ಕಾಲೇಜೋ

ಕ್ಯುಪರ್ಟಿನೊದ ಡಿ ಆನ್ಜಾ ಮತ್ತು ಲಾಸ್ ಆಲ್ಟೊಸ್ ಹಿಲ್ಸ್‌ನ ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯಲ್ಲಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ, ನಡೆಯುತ್ತವೆ. ಫ್ರೀಮಾಂಟಿನ ಓಲೋನಿ, ಸ್ಯಾಂಟಾ ಕ್ಲಾರಾದ ಮಿಶನ್, ಲಿವರ್‌ಮೋರಿನ ಲಾಸ್ ಪೊಸಿಟಾಸ್ ಸೆಮಿಸ್ಟರ್ ಪದ್ಧತಿಯವು. ಫೀಸಿನಲ್ಲಿ ವ್ಯತ್ಯಾಸ ನೆಪಮಾತ್ರ: ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಕ್ವಾರ್ಟರ್ ಯೂನಿಟ್ಟಿಗೆ 31 ಡಾಲರ್. ಕ್ವಾರ್ಟರ್ ಯೂನಿಟ್ ಸೆಮಿಸ್ಟರ್ ಯೂನಿಟ್ಟಿನ ಮೂರನೆಯ ಎರಡು ಪಾಲು. 60 ಸೆಮಿಸ್ಟರ್ ಯೂನಿಟ್ 90 ಕ್ವಾರ್ಟರ್ ಯೂನಿಟ್ಟಿಗೆ ಸಮ. ವರ್ಷಕ್ಕೆ 30 ಸೆಮಿಸ್ಟರ್ ಯೂನಿಟ್ಟಿಗೆ 1380 ಡಾಲರಾದರೆ 45 ಕ್ವಾರ್ಟರ್ ಯೂನಿಟ್ಟಿಗೆ 1395 ಡಾಲರ್.

ನಿಜವಾದ ವ್ಯತ್ಯಾಸವಿರುವುದು ವೇಗದಲ್ಲಿ. ಕ್ವಾರ್ಟರ್ ಸುಮಾರು ಹನ್ನೆರಡು ವಾರಗಳಲ್ಲಿ ಮುಗಿಯುತ್ತದೆ, ಆದ್ದರಿಂದ ಮೂರನೆಯ ವಾರ ಜ್ವರ ಬಂದು ಮಲಗಿದವನಿಗೆ ಎದ್ದಾಗ ಮಿಡ್‌ಟರ್ಮ್ ಎದುರಿಗಿರುತ್ತದೆ. ಸೆಮಿಸ್ಟರಿನಲ್ಲಿ ಉಸಿರಾಡಲು ಜಾಗವಿದೆ. ಆದರೆ ಒಂದು ತರಗತಿ ಕೆಟ್ಟರೆ ನಷ್ಟವಾಗುವುದು ನಾಲ್ಕು ತಿಂಗಳು. ಕ್ವಾರ್ಟರಿನಲ್ಲಿ ಮೂರೇ ತಿಂಗಳು. ಚುರುಕಾಗಿ ಓದುವ, ತನ್ನ ಕೆಲಸವನ್ನು ತಾನೇ ನಿಭಾಯಿಸುವ ಮಕ್ಕಳಿಗೆ ಕ್ವಾರ್ಟರ್ ಹೊಂದುತ್ತದೆ, ಹೊಂದಿಕೊಳ್ಳಲು ಸಮಯ ಬೇಕಾದವರಿಗೆ ಸೆಮಿಸ್ಟರ್ ಒಳ್ಳೆಯದು.

ಎರಡರಲ್ಲಿ ಯಾವುದನ್ನೇ ಆರಿಸಿಕೊಂಡರೂ ಸರಣಿ ತರಗತಿಗಳ ನಡುವೆ ಕಾಲೇಜು ಬದಲಿಸಬಾರದು. ಡಿ ಆನ್ಜಾದಲ್ಲಿ ಕ್ಯಾಲ್ಕ್ಯುಲಸ್ ನಾಲ್ಕು ಕ್ವಾರ್ಟರುಗಳಲ್ಲಿ ಹರಡಿಕೊಂಡಿದೆ. ಅದೇ ಪಾಠ ಸೆಮಿಸ್ಟರ್ ಕಾಲೇಜಿನಲ್ಲಿ ಮೂರು ಸೆಮಿಸ್ಟರುಗಳಲ್ಲಿ ಮುಗಿಯುತ್ತದೆ. ಡಿ ಆನ್ಜಾದಲ್ಲಿ ಎರಡು ಮುಗಿಸಿ ಸೆಮಿಸ್ಟರ್ ಕಾಲೇಜಿಗೆ ಬಂದವನಿಗೆ ಯಾವ ತರಗತಿಯೂ ಸರಿಯಾಗಿ ಜೋಡಿಯಾಗದೆ ಕೆಲವು ಪಾಠಗಳು ಎರಡು ಸಲ ಬರುತ್ತವೆ, ಕೆಲವು ಬಿಟ್ಟೇ ಹೋಗುತ್ತವೆ. ಬಿಡಿ ತರಗತಿಗಳಿಗೆ ಈ ತೊಡಕಿಲ್ಲ, ಅದರಲ್ಲೂ 2025ರಿಂದ ಕೆಲವು ಸಾಮಾನ್ಯ ತರಗತಿಗಳಿಗೆ ರಾಜ್ಯದಾದ್ಯಂತ ಒಂದೇ ಸಂಖ್ಯೆ ಬರತೊಡಗಿದೆ: ಮೊದಲ ಇಂಗ್ಲಿಷ್ ಬರವಣಿಗೆ ತರಗತಿ ಯಾವ ಕಾಲೇಜಿನಲ್ಲೂ ಇಎನ್‌ಜಿಎಲ್ ಸಿ1000.

ಹನ್ನೆರಡು ಯೂನಿಟ್, ಹದಿನೈದು ಯೂನಿಟ್, ಅಥವಾ ಇನ್ನೂ ಕಡಿಮೆ

ಸೆಮಿಸ್ಟರಿಗೆ 12 ಯೂನಿಟ್ ತೆಗೆದುಕೊಂಡವರನ್ನು ಪೂರ್ಣಾವಧಿ ವಿದ್ಯಾರ್ಥಿಗಳೆಂದು ಎಣಿಸುತ್ತಾರೆ. ಎರಡು ವರ್ಷದಲ್ಲಿ 60 ಮುಗಿಯಬೇಕಾದರೆ ಮಾತ್ರ 15 ಬೇಕು. ಹನ್ನೆರಡರ ಲೆಕ್ಕದಲ್ಲಿ ಹೋದವರು ನಾಲ್ಕು ಸೆಮಿಸ್ಟರಿಗೆ 48ಕ್ಕೆ ನಿಲ್ಲುತ್ತಾರೆ, ಉಳಿದ ಹನ್ನೆರಡನ್ನು ಬೇಸಿಗೆಯಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ಒಂದು ಯೂನಿಟ್ಟಿಗೆ ವಾರಕ್ಕೆ ಪಾಠ ಮತ್ತು ಮನೆಯ ಓದು ಸೇರಿ ಮೂರು ಗಂಟೆ ಎಂಬುದು ಸಾಮಾನ್ಯ ಅಳತೆ. ಹದಿನೈದು ಯೂನಿಟ್ ಎಂದರೆ 45 ಗಂಟೆಗಳ ವಾರ. ಅದರ ಮೇಲೆ ಅಂಗಡಿಯಲ್ಲಿ ಇಪ್ಪತ್ತು ಗಂಟೆ ದುಡಿಯುವ ಹುಡುಗಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಅಕ್ಷರಶಃ ಅನ್ವಯಿಸುತ್ತದೆ. ಮೊದಲ ಸೆಮಿಸ್ಟರಿಗೆ 13 ಯೂನಿಟ್ ಆಸುಪಾಸಿನಲ್ಲಿ, ಒಂದು ಗಣಿತ, ಒಂದು ಇಂಗ್ಲಿಷ್, ಮೇಜರ್‌ನ ಒಂದು ತರಗತಿ ಮತ್ತು ಒಂದು ಹಗುರವಾದದ್ದು ಎಂಬ ಜೋಡಣೆಯನ್ನು ನಾನು ಮೆಚ್ಚುತ್ತೇನೆ.

ಆದರೆ ಹಲವರಿಗೆ ಈ ಆಯ್ಕೆ ಅವರ ಕೈಯಲ್ಲಿರುವುದಿಲ್ಲ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ 12 ಯೂನಿಟ್ ಕಡ್ಡಾಯ, ಅದರಲ್ಲಿ ಆನ್‌ಲೈನ್ ತರಗತಿ ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆಯಿಲ್ಲದೆ ಒಂದು ತರಗತಿ ಬಿಟ್ಟು ಹನ್ನೆರಡರ ಕೆಳಗಿಳಿದರೆ ವೀಸಾಕ್ಕೇ ತೊಂದರೆ. ಎಚ್-4 ವೀಸಾದವರು (ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿ, ಮಕ್ಕಳು) ಎಷ್ಟು ಕಡಿಮೆ ಬೇಕಾದರೂ ಓದಬಹುದು. ಮೊದಲ ಸಲ ಕಾಲೇಜಿಗೆ ಬಂದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕಾಲೇಜುಗಳು ಎರಡು ವರ್ಷದವರೆಗೆ ಫೀಸು ಮನ್ನಾ ಮಾಡಲು ಅವಕಾಶ ಕೊಡುವ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಯೋಜನೆಗೂ 12 ಯೂನಿಟ್ ಮತ್ತು ಫಾಫ್ಸಾದಂಥ (ಫೆಡರಲ್ ಸರ್ಕಾರದ ಹಣಕಾಸಿನ) ನೆರವಿನ ಅರ್ಜಿ ಬೇಕು. ಎಚ್-4ರ ಮಕ್ಕಳಿಗೆ ಫೆಡರಲ್ ನೆರವಿನ ಅರ್ಹತೆಯಿಲ್ಲದ್ದರಿಂದ ಈ ಬಾಗಿಲು ಅವರಿಗೆ ಸುಲಭಕ್ಕೆ ತೆರೆಯುವುದಿಲ್ಲ.

ಫೀಸಿನ ವಿಷಯದಲ್ಲಿ ಇನ್ನೊಂದು ಮಾತನ್ನು ನಮ್ಮ ಕುಟುಂಬಗಳು ಮೊದಲೇ ತಿಳಿದಿರಬೇಕು. ಎಚ್-1ಬಿ ಮತ್ತು ಎಚ್-4 ವೀಸಾದವರು ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿ, ಇಲ್ಲೇ ಉಳಿಯುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ಕ್ಯಾಲಿಫೋರ್ನಿಯಾದ ನಿವಾಸಿಗಳೆಂದೇ 46 ಡಾಲರ್ ದರದಲ್ಲಿ ಓದಬಹುದು. ಎಫ್-1ರವರಿಗೆ ಸಾಮಾನ್ಯವಾಗಿ ಆ ಅವಕಾಶವಿಲ್ಲ, ಅವರ ಫೀಸು ಹಲವು ಪಟ್ಟು ಹೆಚ್ಚು. ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಮನೆಯ ಮಗುವಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ, ಮುಂದೆ ಓದಬೇಕಾದರೆ ಬಹುತೇಕರು ಎಫ್-1ಕ್ಕೆ ಬದಲಾಗುತ್ತಾರೆ. ಆ ಹುಟ್ಟುಹಬ್ಬ ಓದಿನ ಯಾವ ಸೆಮಿಸ್ಟರಿನಲ್ಲಿ ಬೀಳುತ್ತದೆ ಎಂಬುದನ್ನು ಮೊದಲ ದಿನವೇ ಲೆಕ್ಕ ಹಾಕಿಟ್ಟುಕೊಂಡು ವಲಸೆ ವಕೀಲರನ್ನೂ ಕಾಲೇಜಿನ ಪ್ರವೇಶ ಕಚೇರಿಯನ್ನೂ ಕೇಳಬೇಕು. ಎರಡು ವರ್ಷದ ಓದನ್ನು ಮೂರಕ್ಕೆ ಎಳೆಯಬಾರದೆಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಯಾರನ್ನು ಕೇಳಬೇಕು

ಸಲಹೆ ಸಿಗುವ ಜಾಗಗಳು ಹಲವು, ಅವುಗಳ ತೂಕ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನ ಕೌನ್ಸೆಲರ್ (ಓದಿನ ಸಲಹೆಗಾರರು) ಎಂದರೆ ಕಚೇರಿಯ ಗುಮಾಸ್ತರಲ್ಲ, ಸ್ನಾತಕೋತ್ತರ ಪದವಿ ಪಡೆದ ಅಧ್ಯಾಪಕ ವರ್ಗಕ್ಕೆ ಸೇರಿದವರು. ಅವರನ್ನು ಎರಡು ರೀತಿಯಲ್ಲಿ ಕಾಣಬಹುದು. ಡ್ರಾಪ್-ಇನ್‌ನಲ್ಲಿ ಸರತಿಯಲ್ಲಿ ನಿಂತು ಹತ್ತು ಹದಿನೈದು ನಿಮಿಷ ಮಾತಾಡಬಹುದು. ಒಂದು ಪ್ರೀರಿಕ್ವಿಸಿಟ್ (ಮೊದಲೇ ಮುಗಿದಿರಬೇಕಾದ ತರಗತಿಯ ಷರತ್ತು) ತೆಗೆಸಬೇಕು, ಒಂದು ಸಹಿ ಬೇಕು ಎನ್ನುವಂಥ ಕೆಲಸಕ್ಕೆ ಅದು ಸಾಕು. ಅಪಾಯಿಂಟ್‌ಮೆಂಟ್ ಪಡೆದರೆ ಅರ್ಧ ಗಂಟೆಯಿಂದ ಒಂದು ಗಂಟೆ ಸಿಗುತ್ತದೆ, ಎಜುಕೇಶನ್ ಪ್ಲಾನ್, ಅಂದರೆ ಯಾವ ಸೆಮಿಸ್ಟರಿನಲ್ಲಿ ಯಾವ ತರಗತಿ ಎಂಬ ಯೋಜನೆ, ಆಗಬೇಕಾದದ್ದು ಅಲ್ಲಿ. ಈ ಪ್ಲಾನ್‌ನಲ್ಲೂ ಎರಡು ಬಗೆ: ಒಂದೆರಡು ಸೆಮಿಸ್ಟರಿನ ಸಂಕ್ಷಿಪ್ತ ಪ್ಲಾನ್ ಮತ್ತು ಟ್ರಾನ್ಸ್‌ಫರ್‌ವರೆಗಿನ ಸಮಗ್ರ ಪ್ಲಾನ್. ಹೊಸಬರಿಗೆ ಮೊದಲು ಸಂಕ್ಷಿಪ್ತ ಪ್ಲಾನನ್ನೇ ಮಾಡಿಕೊಡುವುದು ವಾಡಿಕೆ. ಅದರಲ್ಲೇ ತೃಪ್ತರಾಗದೆ ಮೊದಲ ಸೆಮಿಸ್ಟರಿನೊಳಗೆ ಸಮಗ್ರ ಪ್ಲಾನ್ ಬೇಕೆಂದು ಬಾಯಿಬಿಟ್ಟು ಕೇಳಬೇಕು.

ಆಗಸ್ಟ್‌ನಲ್ಲಿ ಈ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಮೇ ಅಥವಾ ಜೂನ್‌ನಲ್ಲಿ, ಮತ್ತೆ ಸ್ಪ್ರಿಂಗ್ ರಿಜಿಸ್ಟ್ರೇಶನ್ ಆರಂಭವಾಗುವ ಮುನ್ನ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೋದರೆ ಸಾವಧಾನವಾಗಿ ಮಾತಾಡಬಹುದು. ಟ್ರಾನ್ಸ್‌ಫರ್ ಸೆಂಟರಿಗೆ ಯುಸಿ ಕ್ಯಾಂಪಸ್‌ಗಳ ಪ್ರತಿನಿಧಿಗಳು ಬರುವ ದಿನಗಳಿರುತ್ತವೆ, ಟ್ಯಾಗ್ ಕುರಿತ ಪ್ರಶ್ನೆಗೆ ಅವರ ಉತ್ತರವೇ ಅಂತಿಮವಾದದ್ದು. ಪರಿಚಯದವರ ಮಾತು, ಕನ್ನಡ ಕೂಟದಲ್ಲಿ ಊಟದ ಹೊತ್ತಿಗೆ ಸಿಗುವ ಮಾಹಿತಿ, ವಾಟ್ಸಾಪ್ ಗುಂಪಿನ ಪಟ್ಟಿ ಇವು ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯಲು ಒಳ್ಳೆಯವು. ಅವನ್ನೇ ಉತ್ತರವೆಂದು ತೆಗೆದುಕೊಂಡದ್ದರ ಫಲವನ್ನು ಮೇಲೆ ಹೇಳಿದ್ದೇನೆ.

ಒಂದು ವರ್ಷ ತಡವಾಗಿಯಾದರೂ ನಾವು ಹೋದ ಆ ಅಪಾಯಿಂಟ್‌ಮೆಂಟ್ ಇನ್ನೂ ಕಣ್ಣಮುಂದಿದೆ. ನಾನೂ ಜೊತೆಗೆ ಹೋಗಿದ್ದೆ, ಕುಳಿತ ಕೂಡಲೇ ನಾನೇ ಮಾತು ಶುರುಮಾಡಿದೆ. ಕೌನ್ಸೆಲರಮ್ಮ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿ, ಕಂಪ್ಯೂಟರ್ ಪರದೆಯನ್ನೂ ಅವಳಿಗೆ ಕಾಣುವಂತೆ ತಿರುಗಿಸಿ, ‘ಎರಡು ವರ್ಷ ಆದಮೇಲೆ ನೀನು ಎಲ್ಲಿರಬೇಕು ಅಂತ ಇದೆ?’ ಎಂದು ಕೇಳಿದರು. ಪರದೆಯ ಮೇಲೆ ಖಾಲಿ ಚೌಕಗಳಿದ್ದವು, ಸೆಮಿಸ್ಟರಿಗೊಂದು. ಅವರು ಮೊದಲು ತುಂಬಿದ್ದು ಕಟ್ಟಕಡೆಯ ಚೌಕವನ್ನು. ಅಲ್ಲಿಂದ ಹಿಂದಕ್ಕೆ ಬರುತ್ತ ಬರುತ್ತ ಭೌತಶಾಸ್ತ್ರದ ಮೂರನೆಯದು, ಅದಕ್ಕೆ ಮುನ್ನ ಎರಡನೆಯದು ಎಂದು ಇಳಿಸಿದರು. ಇಡೀ ಯೋಜನೆ ಹೇಗೆ ಕೆಲಸ ಮಾಡುತ್ತದೆಂದು ನನಗೆ ಆಗ ಅರ್ಥವಾಯಿತು.

ನಾನು ಜೊತೆಗಿರಲು ಮಗಳು ಒಪ್ಪಿದ್ದಳು ಎಂಬುದನ್ನೂ ಹೇಳಬೇಕು. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫರ್ಪಾ ಕಾಯ್ದೆಯ ಪ್ರಕಾರ ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಹದಿನೆಂಟು ತುಂಬದಿದ್ದರೂ ಅವನ ದಾಖಲೆಯ ಮೇಲಿನ ಹಕ್ಕು ಅವನದೇ. ಫೀಸು ಕಟ್ಟಿದವರು ತಾವೆಂದು ಹೇಳಿ ತಂದೆತಾಯಿ ಫೋನು ಮಾಡಿದರೆ ಕಾಲೇಜು ಗ್ರೇಡುಗಳನ್ನು ತಿಳಿಸುವುದಿಲ್ಲ. ವಿದ್ಯಾರ್ಥಿ ಬರೆದುಕೊಟ್ಟ ಒಪ್ಪಿಗೆ ಬೇಕು. ನಮ್ಮ ಕಡೆಯವರಿಗೆ ಇದು ಮೊದಮೊದಲು ನೋವು ತರುತ್ತದೆ. ಆದರೆ ಆ ಕೋಣೆಯಲ್ಲಿ ನನ್ನ ಮಗಳು ತನ್ನ ಉತ್ತರವನ್ನು ತಾನೇ ಹುಡುಕಿಕೊಂಡದ್ದನ್ನು ನೋಡಿದ ಮೇಲೆ ಆ ನಿಯಮದ ಮೇಲೆ ನನಗೆ ಗೌರವ ಹುಟ್ಟಿದೆ.

ರಿಜಿಸ್ಟ್ರೇಶನ್ ದಿನ ಮತ್ತು ಅನಂತರ

ಓರಿಯೆಂಟೇಶನ್, ಪ್ಲೇಸ್‌ಮೆಂಟ್, ಎಜುಕೇಶನ್ ಪ್ಲಾನ್ ಈ ಮೂರನ್ನು ಮುಗಿಸಿದ ಹೊಸಬರಿಗೆ ಉಳಿದ ಹೊಸಬರಿಗಿಂತ ಮೊದಲು ರಿಜಿಸ್ಟ್ರೇಶನ್ ಸಿಗುತ್ತದೆ. ಪ್ಲೇಸ್‌ಮೆಂಟಿಗೆ ಈಗ ಪರೀಕ್ಷೆಯ ಭಯವಿಲ್ಲ: 2017ರ ಎಬಿ 705 ಕಾಯ್ದೆ ಬಂದ ಮೇಲೆ ಹೈಸ್ಕೂಲಿನ ಗ್ರೇಡುಗಳ ಆಧಾರದ ಮೇಲೆಯೇ ಗಣಿತ, ಇಂಗ್ಲಿಷ್ ತರಗತಿ ನಿಶ್ಚಯವಾಗುತ್ತದೆ, ಕರ್ನಾಟಕದಲ್ಲಿ ಓದಿ ಬಂದವರಿಗೆ ಮಾರ್ಗದರ್ಶನದೊಂದಿಗೆ ತಾವೇ ಆರಿಸಿಕೊಳ್ಳುವ ವಿಧಾನವಿದೆ. ಪಿಯುಸಿಯ ಗಣಿತವನ್ನು ಪ್ರೀರಿಕ್ವಿಸಿಟ್ ಎಂದು ತೋರಿಸಬೇಕಾದವರು ಅಂಕಪಟ್ಟಿಯ ಮೌಲ್ಯಮಾಪನ ಬೇಕೇ ಎಂದು ವಾರಗಳ ಮೊದಲೇ ವಿಚಾರಿಸಿಕೊಳ್ಳಬೇಕು.

ತರಗತಿ ತುಂಬಿದ್ದರೆ ವೇಯ್ಟ್‌ಲಿಸ್ಟಿನಲ್ಲಿ ಹೆಸರಿಟ್ಟು ಮೊದಲ ದಿನ ತಪ್ಪದೆ ಹೋಗಿ ಕೂರುವುದು ಒಳ್ಳೆಯದು. ಬರದವರ ಜಾಗಕ್ಕೆ ಅಧ್ಯಾಪಕರು ತರಗತಿಗೆ ಸೇರಲು ಬೇಕಾದ ಆಡ್ ಕೋಡ್ ಕೊಡುತ್ತಾರೆ. ಸೇರಿದ ಮೇಲೆ ಆಗದೆಂದು ಕಂಡರೆ ಬಿಡುವುದಕ್ಕೂ ಹಂತಗಳಿವೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ ಬಿಟ್ಟರೆ ಹಣ ವಾಪಸಾಗುತ್ತದೆ, ಅವಧಿಯ ಐದನೆಯ ಒಂದು ಭಾಗ ಮುಗಿಯುವುದರೊಳಗೆ ಬಿಟ್ಟರೆ ದಾಖಲೆಯಲ್ಲಿ ಗುರುತು ಉಳಿಯುವುದಿಲ್ಲ, ಮುಕ್ಕಾಲು ಭಾಗದೊಳಗೆ ಬಿಟ್ಟರೆ ‘ಡಬ್ಲ್ಯೂ’ (ವಿತ್‌ಡ್ರಾವಲ್, ನಡುವೆ ಬಿಟ್ಟ ಗುರುತು) ಬೀಳುತ್ತದೆ. ಅದಾದಮೇಲೆ ಏನು ಗ್ರೇಡು ಬಂದರೂ ಅದೇ. ಒಂದು ಡಬ್ಲ್ಯೂನಿಂದ ಯಾರ ಭವಿಷ್ಯವೂ ಕೆಡುವುದಿಲ್ಲ, ಡಿ ಗ್ರೇಡಿಗಿಂತ ಅದು ಎಷ್ಟೋ ವಾಸಿ. ಆದರೆ ಡಬ್ಲ್ಯೂ ಸೇರಿದಂತೆ ಒಂದೇ ತರಗತಿಯನ್ನು ಎಷ್ಟು ಸಲ ಪ್ರಯತ್ನಿಸಬಹುದು ಎಂಬುದಕ್ಕೂ ಮಿತಿಯಿದೆ.

ಈಗಾಗಲೇ ಪದವಿ ಇರುವವರಿಗೆ

ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದು ಹೊಸದಾಗಿ ಕಲಿಯಲು ಹೊರಟ ಹೆಣ್ಣುಮಕ್ಕಳಿಗೆ ಇಷ್ಟೆಲ್ಲ ಟ್ರಾನ್ಸ್‌ಫರ್ ಲೆಕ್ಕ ಬೇಕಾಗಿಲ್ಲ. ಅವರ ಆಯ್ಕೆ ಬೇರೆ: ಇನ್ನೊಂದು ಪದವಿಗಿಂತ ಸರ್ಟಿಫಿಕೇಟೋ ಬಿಡಿ ತರಗತಿಗಳೋ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಪ್ರೀಸ್ಕೂಲಿನಲ್ಲಿ ಕಲಿಸಬೇಕೆಂದಿರುವವರಿಗೆ ಮಕ್ಕಳ ಬೆಳವಣಿಗೆ ಮತ್ತು ಶಿಶುಶಿಕ್ಷಣದ 12 ಯೂನಿಟ್‌ಗಳು ದೊಡ್ಡ ಮೆಟ್ಟಿಲು. ಸಿಪಿಎ (ಅಮೆರಿಕದ ಅಧಿಕೃತ ಲೆಕ್ಕಪರಿಶೋಧಕರ ಪರವಾನಗಿ) ಕಡೆಗೆ ನೋಡುತ್ತಿರುವ ಬಿ.ಕಾಂ. ಪದವೀಧರರು ತಮಗೆ ಕಡಿಮೆ ಬೀಳುವ ಅಕೌಂಟಿಂಗ್ ಮತ್ತು ಎಥಿಕ್ಸ್ ಯೂನಿಟ್‌ಗಳನ್ನಷ್ಟೇ ಇಲ್ಲಿ ತುಂಬಿಕೊಳ್ಳಬಹುದು. ಇಂಗ್ಲಿಷ್ ಮಾತಾಡಲು ಅಳುಕುವವರಿಗೆ ಯೂನಿಟ್ ಸಿಗದ ನಾನ್‌ಕ್ರೆಡಿಟ್ ತರಗತಿಗಳಿವೆ. ಅವಕ್ಕೆ ಯೂನಿಟ್ಟಿನ ಫೀಸೇ ಇಲ್ಲ. ಎಚ್-4ರಲ್ಲಿದ್ದೂ ಓದಲು ಅಡ್ಡಿಯಿಲ್ಲ, ಕೆಲಸ ಮಾಡಲು ಮಾತ್ರ ಪ್ರತ್ಯೇಕ ಅನುಮತಿ ಬೇಕು.

ಅವರಿಗೂ ಮೊದಲ ಹೆಜ್ಜೆ ಕೌನ್ಸೆಲರ್ ಅಪಾಯಿಂಟ್‌ಮೆಂಟೇ. ಹೋಗುವಾಗ ಊರಿನ ಅಂಕಪಟ್ಟಿಗಳ ಪ್ರತಿ, ಹೈಸ್ಕೂಲಿನಿಂದ ಬಂದವರಾದರೆ ಎಪಿ (ಹೈಸ್ಕೂಲಿನಲ್ಲಿ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕಗಳು ಮತ್ತು ಹೈಸ್ಕೂಲಿನಲ್ಲೇ ಮುಗಿಸಿದ ಕಾಲೇಜು ತರಗತಿಗಳ ವಿವರ, ಮನಸ್ಸಿನಲ್ಲಿರುವ ಎರಡು ಮೂರು ಕ್ಯಾಂಪಸ್‌ಗಳಿಗೆ ಅಸಿಸ್ಟ್‌ನಿಂದ ತೆಗೆದ ಹಾಳೆಗಳು ಕೈಯಲ್ಲಿರಲಿ. ಹೊರಬರುವಾಗ ಎಜುಕೇಶನ್ ಪ್ಲಾನ್ ಕಾಲೇಜಿನ ಪೋರ್ಟಲ್‌ನಲ್ಲಿ ಸೇವ್ ಆಗಿದೆಯೇ ಎಂದು ಅಲ್ಲೇ ಕೂತು ನೋಡಿಕೊಂಡು, ಮುಂದಿನ ಸಲ ಯಾವ ವಾರ ಬರಬೇಕೆಂದು ಕೇಳಿ ಬರೆದಿಟ್ಟುಕೊಳ್ಳಿ.